ಮುಚ್ಚಿಟ್ಟ ಲ್ಯಾಪ್‌ಟಾಪಿನ ಚಾರ್ಜ್ ಎಲ್ಲಿ ಹೋಯಿತು?

ಕಿರುಗಾವಲಿನ ಓದುಗರೇ, ಫುಲ್ ಚಾರ್ಜ್ ಮಾಡಿ ಬೀರುವಿನ ಮೇಲಿಟ್ಟ ಮಗಳ ಲ್ಯಾಪ್‌ಟಾಪ್ ಎರಡೇ ವಾರಕ್ಕೆ ಸೊನ್ನೆಗಿಳಿದಿದೆ ಎಂದು ಬರೆದಿದ್ದೀರಿ. ಬ್ಯಾಟರಿ ಹೋಯಿತೆಂದು ಈಗಲೇ ದುಡ್ಡು ಸುರಿಯಬೇಡಿ. ಲಿಥಿಯಂ ಅಯಾನ್ ಬ್ಯಾಟರಿ ಸುಮ್ಮನಿದ್ದರೆ ತಿಂಗಳಿಗೆ ಕಳೆದುಕೊಳ್ಳುವುದು ಶೇ. 5ರ ಆಸುಪಾಸು, ಅಷ್ಟೆ. ಉಳಿದದ್ದನ್ನು ತಿಂದದ್ದು ಬಹುಶಃ ಸ್ಲೀಪ್. ಮಡಚಿದ ಮಾತ್ರಕ್ಕೆ ಯಂತ್ರ ಆಫ್ ಆಗುವುದಿಲ್ಲ. ತೆರೆದಿಟ್ಟ ಕೆಲಸವನ್ನು ಮೆಮೊರಿಯಲ್ಲಿ ಹಿಡಿದಿಡಲು ಕರೆಂಟ್ ಎಳೆಯುತ್ತಲೇ ಇರುತ್ತದೆ. ಹೊಸ ಮಾದರಿಗಳಂತೂ ಅಪ್‌ಡೇಟ್ ನೋಡಲೆಂದು ನಡುನಡುವೆ ಎದ್ದು ಕೂರುತ್ತವೆ. ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜ್ ಎಷ್ಟಿದೆಯೆಂದು ಬರೆದಿಟ್ಟು ವಾರ ಬಿಟ್ಟು ನೋಡಿ. ಒಂದೆರಡು ಅಂಕಿಯಷ್ಟೇ ಇಳಿದಿದ್ದರೆ ಬ್ಯಾಟರಿ ನಿರಪರಾಧಿ. ಆಗಲೂ ಅರ್ಧಕ್ಕರ್ಧ ಇಳಿದಿದ್ದರೆ ರಿಪೇರಿಯವರಿಗೆ ತೋರಿಸಿ.

‘ಕರೆಂಟ್ ಯಾವಾಗ ಹೋಗುತ್ತದೋ, ತುಂಬಿಸಿಡುವುದೇ ಮೇಲಲ್ಲವೇ?’ ಎಂದು ಕೇಳಿದ್ದೀರಿ. ದಿನಬಳಕೆಗೆ ಸರಿ, ರಜೆಗೆ ಎತ್ತಿಡುವಾಗ ಅದೇ ತಪ್ಪು. 25 ಡಿಗ್ರಿಯಲ್ಲಿ ಶೇ. 40 ಚಾರ್ಜಿನೊಂದಿಗೆ ವರ್ಷವಿಟ್ಟ ಬ್ಯಾಟರಿ ಸುಮಾರು ಶೇ. 4ರಷ್ಟು ಸಾಮರ್ಥ್ಯ ಕಳೆದುಕೊಂಡರೆ, ತುಂಬಿಸಿ 40 ಡಿಗ್ರಿಯಲ್ಲಿಟ್ಟದ್ದು ಶೇ. 35ರಷ್ಟು ಕಳೆದುಕೊಳ್ಳುತ್ತದೆ. ಈ ನಷ್ಟ ಮತ್ತೆ ಚಾರ್ಜ್ ಹಾಕಿದರೆ ಬರುವಂಥದ್ದಲ್ಲ. ಮಂಡ್ಯ ಸೀಮೆಯ ಏಪ್ರಿಲ್ ಬಿಸಿಲಿಗೆ ಶೀಟಿನ ಮಾಡಿನಡಿಯ ಬೀರುವಿನ ತಲೆ ಹೇಗೆ ಕಾಯುತ್ತದೆಂದು ನಿಮಗೇ ಗೊತ್ತು. ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ಕೆಳಗಿನ ತಂಪು ಖಾನೆಯಲ್ಲಿಡಿ. ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ.