ಖಾಸಗಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪಿಎಚ್‌.ಡಿ: ಶುಲ್ಕ ಕಟ್ಟುವ ಮುನ್ನ

2005ರ ಫೆಬ್ರವರಿ. ಪ್ರೊ. ಯಶಪಾಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಛತ್ತೀಸ್‌ಗಢದ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಒಮ್ಮೆಲೇ ಮಾನ್ಯತೆ ಕಳೆದುಕೊಂಡವು. ಹಲವಕ್ಕೆ ಕ್ಯಾಂಪಸ್ಸೇ ಇರಲಿಲ್ಲ. ಬರೀ ಅಧಿಸೂಚನೆಯ ಬಲದ ಮೇಲೆ ನಿಂತಿದ್ದವು. ಇಪ್ಪತ್ತು ವರ್ಷಗಳ ನಂತರ, 2025ರ ಜನವರಿಯಲ್ಲಿ, ಪಿಎಚ್‌.ಡಿ ನಿಯಮ ಪಾಲಿಸದ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಹೊಸ ಸಂಶೋಧನಾರ್ಥಿಗಳನ್ನು ಸೇರಿಸಿಕೊಳ್ಳಬಾರದೆಂದು ಯುಜಿಸಿ ಆದೇಶಿಸಿತು.

ಹಾಗೆಂದು ಖಾಸಗಿ ವಿಶ್ವವಿದ್ಯಾಲಯದ ಪದವಿ ಕಡಿಮೆಯದೇನಲ್ಲ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಸಂಸತ್ತು ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ಪದವಿ ಕೊಡುವ ಅಧಿಕಾರವಿದೆ. ಕರ್ನಾಟಕದ ಖಾಸಗಿ ವಿಶ್ವವಿದ್ಯಾಲಯಗಳು ಹುಟ್ಟಿದ್ದೂ ಇಂಥ ಕಾಯ್ದೆಗಳಿಂದಲೇ. ಯುಜಿಸಿ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದೆಯೇ ಎಂದು ನೋಡುವುದು ಮೊದಲ ಕೆಲಸ.

ಪ್ರವೇಶದಿಂದ ಪದವಿಯವರೆಗಿನ ದಾರಿಯನ್ನು ಯುಜಿಸಿಯ 2022ರ ಪಿಎಚ್‌.ಡಿ ನಿಯಮಗಳು ಹಾಕಿಕೊಟ್ಟಿವೆ. ಎರಡು ವರ್ಷದ ಎಂ.ಎ ಮಾಡಿದವರಿಗೆ 55% ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ 5% ರಿಯಾಯಿತಿ ಇದೆ. ನೌಕರಿಯಲ್ಲಿರುವ ಉಪನ್ಯಾಸಕರು ತಾವು ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತಂದು ಅರೆಕಾಲಿಕವಾಗಿ ಸೇರಬಹುದು. ಆದರೆ ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್‌.ಡಿಗೆ ಅವಕಾಶವೇ ಇಲ್ಲ.

‘ಎರಡೇ ವರ್ಷದಲ್ಲಿ ಡಾಕ್ಟರೇಟ್’ ಎನ್ನುವವರ ಮಾತು ನಂಬಬಾರದು. ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ ಕಡ್ಡಾಯ. ಗರಿಷ್ಠ ಅವಧಿ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಮತ್ತು 40%ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ ಎರಡು ವರ್ಷ ಸಿಗಬಹುದು. ಹೆರಿಗೆ ಅಥವಾ ಶಿಶುಪಾಲನೆಗೆಂದು ಮಹಿಳೆಯರಿಗೆ 240 ದಿನಗಳವರೆಗೆ ರಜೆ ಕೊಡಬಹುದು.

ಇತಿಹಾಸದ ವಿದ್ಯಾರ್ಥಿಗೆ ಈ ಕಾಲಾವಕಾಶ ನಿಜಕ್ಕೂ ಬೇಕು. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಬಳ್ಳಾರಿ ಮತ್ತು ಕರಾವಳಿಯ ಬ್ರಿಟಿಷ್ ಕಾಲದ ದಾಖಲೆಗಳಿಗೆ ಚೆನ್ನೈ, ಧಾರವಾಡ ಸೀಮೆಯದಕ್ಕೆ ಮುಂಬೈ, ಹೀಗೆ ಅಲೆಯಬೇಕು. ಹೋಗುವಾಗ ವಿಶ್ವವಿದ್ಯಾಲಯದ ಪರಿಚಯ ಪತ್ರ ಕೈಯಲ್ಲಿರಲಿ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯು, ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿದ, 30 ವರ್ಷ ದಾಟಿದ, ಗೋಪ್ಯವೆಂದು ವರ್ಗೀಕರಿಸದ ದಾಖಲೆಗಳನ್ನು ಕೆಲವು ನಿರ್ಬಂಧಗಳಿಗೆ ಒಳಪಟ್ಟು ನಿಜವಾದ ಸಂಶೋಧಕರಿಗೆ ಒದಗಿಸಲು ದಾರಿ ಮಾಡಿದೆ.

ಗೈಡ್ ಬಳಿ ಎಷ್ಟು ಜನ ಇದ್ದಾರೆ? ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆ ಇದು. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಮಹಾಪ್ರಬಂಧವನ್ನು ಇಬ್ಬರು ಬಾಹ್ಯ ಪರೀಕ್ಷಕರು ಓದಬೇಕು. ಸಲ್ಲಿಸಿದ 6 ತಿಂಗಳೊಳಗೆ ಮೌಖಿಕ ಪರೀಕ್ಷೆ ಸೇರಿ ಮೌಲ್ಯಮಾಪನ ಮುಗಿಯಬೇಕು. ಪದವಿ ಪ್ರದಾನಕ್ಕೆ ಮುಂಚೆ, ಯುಜಿಸಿ ನಿಯಮಗಳಂತೆಯೇ ಪಿಎಚ್‌.ಡಿ ನೀಡಲಾಗುತ್ತಿದೆ ಎಂಬ ತಾತ್ಕಾಲಿಕ ಪ್ರಮಾಣಪತ್ರವನ್ನು ಸಂಸ್ಥೆ ಕೊಡಬೇಕು. ಮುಂದೆ ನೇಮಕಾತಿಯ ಹೊತ್ತಿಗೆ ಬೇಕಾದೀತು, ಮರೆಯದೆ ಪಡೆದಿಟ್ಟುಕೊಳ್ಳಬೇಕು.

ಮೂಲ ಅಂಕಪಟ್ಟಿ ಹಿಂದಿರುಗಿಸದಿದ್ದರೆ, ವಿವರಪುಸ್ತಿಕೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹಣ ಕೇಳಿದರೆ, ಮೌಲ್ಯಮಾಪನ ಎಳೆದಾಡಿದರೆ ದೂರು ಕೊಡಲು 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳಿವೆ. ವಿಶ್ವವಿದ್ಯಾಲಯದ ಕುಂದುಕೊರತೆ ಪರಿಹಾರ ಸಮಿತಿ ದೂರು ತಲುಪಿದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 15 ದಿನಗಳಲ್ಲಿ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ 30 ದಿನಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು. ಈ ಗಡುವುಗಳ ಲೆಕ್ಕ ನಿಲ್ಲುವುದು ದಿನಾಂಕದ ಮೇಲೆ. ಹಾಗಾಗಿ ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಮುದ್ರೆ ಒತ್ತಿದ ಸ್ವೀಕೃತಿಯನ್ನು ಅಂದೇ ಪಡೆದುಕೊಳ್ಳಬೇಕು.