ಟಿ.ವಿ. ಚರ್ಚೆ: ಗೆದ್ದವರನ್ನು ಯಾವ ಕೊಳಗದಲ್ಲಿ ಅಳೆಯೋಣ?



ಕುಪ್ಪಳ್ಳಿಯ ಕಡೆಯ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮೇ ತಿಂಗಳ ಸಂಜೆ. ವಿಧಾನಸಭಾ ಚುನಾವಣೆಗೆ ಇನ್ನೊಂದೇ ವಾರ. ಜಪಸರ ಮುಗಿದಿದೆ. ಟಿ.ವಿ.ಯಲ್ಲಿ ಕ್ಷೇತ್ರದ ಇಬ್ಬರು ಅಭ್ಯರ್ಥಿಗಳನ್ನು ಎದುರುಬದುರು ಕೂರಿಸಿ ಚರ್ಚೆ ನಡೆಸುತ್ತಿದ್ದಾರೆ. ಅಪ್ಪ ಕುರ್ಚಿಯಲ್ಲಿ, ಮೊದಲ ಸಲ ಮತ ಹಾಕಲಿರುವ ಮಗಳು ಚಾಪೆಯ ಮೇಲೆ. ಅಜ್ಜಿ ಮಾತ್ರ ಬಾಗಿಲಾಚೆ ಜಗಲಿಯಲ್ಲಿ ಕುಳಿತು, ಕೈಗೆ ಎಣ್ಣೆ ಸವರಿಕೊಂಡು, ಹಪ್ಪಳಕ್ಕೆಂದು ಹಲಸಿನ ತೊಳೆ ಬಿಡಿಸುತ್ತಿದ್ದಾರೆ. ಅವರಿಗೆ ಟಿ.ವಿ. ಕಾಣುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ.

ಚರ್ಚೆ ಮುಗಿಯಿತು. “ಮೊದಲನೆಯವರೇ ಗೆದ್ದರು. ಎದುರಿನವರಿಗೆ ಬಾಯಿ ತೆರೆಯಲೂ ಬಿಡಲಿಲ್ಲ” ಎಂದರು ಅಪ್ಪ. “ಇಲ್ಲಪ್ಪ, ಎರಡನೆಯವರು ಎಷ್ಟು ಸಮಾಧಾನವಾಗಿ ನಗುತ್ತಾ ಮಾತಾಡಿದರು!” ಎಂದಳು ಮಗಳು. ಮಾತಿಗೆ ಮಾತು ಬೆಳೆಯಿತು. ಆಗ ಜಗಲಿಯಿಂದ ಅಜ್ಜಿ ಕೇಳಿದರು: “ಅದಿರಲಿ, ನಮ್ಮ ಜಾಗಕ್ಕೆ ಹಕ್ಕುಪತ್ರ ಹ್ಯಾಗೆ ಕೊಡಿಸ್ತೀನಿ ಅಂತ ಹೇಳಿದ್ದು ಯಾರು?” ಅಪ್ಪ, ಮಗಳು ಇಬ್ಬರೂ ಸುಮ್ಮನಾದರು.

ಇದು ಕಲ್ಪನೆಯ ಮನೆ. ಆದರೆ ಇಂಥ ಸಂಜೆ ನಮ್ಮ ಎಷ್ಟೋ ಮನೆಗಳಲ್ಲಿ ಬಂದುಹೋಗಿದೆ. ಒಂದೇ ಚರ್ಚೆಗೆ ಮೂರು ತೀರ್ಪು! ಇವುಗಳಲ್ಲಿ ಸರಿಯಾದುದು ಯಾವುದು? ಈ ವಾರ ಇದನ್ನೇ ಸ್ವಲ್ಪ ಯೋಚಿಸೋಣ.

ಕಣ್ಣಿನ ತೀರ್ಪು, ಕಿವಿಯ ತೀರ್ಪು

ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಇಬ್ಬರು ಪ್ರಮುಖ ಅಭ್ಯರ್ಥಿಗಳ ಮೊದಲ ಟಿ.ವಿ. ಚರ್ಚೆ ನಡೆದದ್ದು 1960ರ ಸೆಪ್ಟೆಂಬರ್ 26ರಂದು, ಷಿಕಾಗೊ ನಗರದಲ್ಲಿ. ಒಂದು ಕಡೆ ಜಾನ್ ಕೆನಡಿ, ಇನ್ನೊಂದು ಕಡೆ ಆಗಿನ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್. ಸುಮಾರು ಏಳು ಕೋಟಿ ಜನ ಅದನ್ನು ನೋಡಿದರೆಂದು ಅಂದಾಜು. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಹೊರಬಂದು ಹೆಚ್ಚು ದಿನವಾಗಿರಲಿಲ್ಲ. ಮೈ ಇಳಿದಿತ್ತು, ಮುಖ ಬಾಡಿತ್ತು. ತೊಟ್ಟಿದ್ದ ಬೂದು ಬಣ್ಣದ ಕೋಟು ಹಿಂದಿನ ಗೋಡೆಯಲ್ಲಿ ಕಲೆತುಹೋಯಿತು. ಕೆನಡಿ ಗಾಢ ಬಣ್ಣದ ಕೋಟು ತೊಟ್ಟು, ಲವಲವಿಕೆಯಿಂದ ಕ್ಯಾಮೆರಾವನ್ನೇ ನೋಡಿ ಮಾತಾಡಿದರು.

ಟಿ.ವಿ. ನೋಡಿದವರು ಕೆನಡಿ ಗೆದ್ದರೆಂದರು, ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರೆಂದರು ಎಂಬ ಮಾತು ಅಂದಿನಿಂದ ಇಂದಿನವರೆಗೂ ಹೇಳಿಕೆಯಾಗಿ ಬಂದಿದೆ. ಆದರೆ ಈ ಕಥೆಯನ್ನೂ ಪರೀಕ್ಷಿಸಬೇಕು. ಆ ಸಮೀಕ್ಷೆಯಲ್ಲಿ ರೇಡಿಯೋ ಕೇಳಿದವರ ಸಂಖ್ಯೆ ತೀರ ಕಡಿಮೆಯಿತ್ತು. ಅಲ್ಲದೆ ಆಗ ರೇಡಿಯೋವನ್ನು ನೆಚ್ಚಿಕೊಂಡವರಲ್ಲಿ ಹಳ್ಳಿಗಾಡಿನ ಪ್ರೊಟೆಸ್ಟೆಂಟರು ಹೆಚ್ಚಿರಬಹುದು, ಕಥೋಲಿಕರಾದ ಕೆನಡಿಯವರ ಬಗ್ಗೆ ಅವರಿಗೆ ಮೊದಲೇ ಅನುಮಾನವಿದ್ದಿರಬಹುದು ಎಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ. 2003ರಲ್ಲಿ ಜೇಮ್ಸ್ ಡ್ರಕ್‌ಮನ್ ಎಂಬ ಪ್ರಾಧ್ಯಾಪಕರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಅದೇ ಹಳೆಯ ಚರ್ಚೆಯನ್ನು ಕೆಲವರಿಗೆ ತೋರಿಸಿ, ಬೇರೆ ಕೆಲವರಿಗೆ ಬರಿಯ ಧ್ವನಿ ಕೇಳಿಸಿದರು. ಕೆನಡಿ ಗೆದ್ದರು ಎನ್ನುವ ಒಲವು ಕೇಳಿದವರಿಗಿಂತ ನೋಡಿದವರಲ್ಲಿ ಹೆಚ್ಚು ಕಂಡಿತು. ಅಭ್ಯರ್ಥಿಯ ವ್ಯಕ್ತಿತ್ವದ ಬಗ್ಗೆ ಮೂಡಿದ ಅನಿಸಿಕೆ ನೋಡಿದವರ ತೀರ್ಪಿನಲ್ಲಿ ಹೆಚ್ಚು ತೂಗಿತ್ತು.

ಹಾಗೆಂದು ಕಣ್ಣು ಯಾವಾಗಲೂ ಮೋಸ ಮಾಡುತ್ತದೆ ಎನ್ನುವಂತಿಲ್ಲ. 2024ರ ಜೂನ್ 27ರ ಚರ್ಚೆಯಲ್ಲಿ 81 ವರ್ಷದ ಅಧ್ಯಕ್ಷ ಜೋ ಬೈಡನ್ ಮಾತಿನ ಎಳೆ ತಪ್ಪಿ ತಡವರಿಸಿದ್ದನ್ನು ಜನ ನೋಡಿದರು. ಜುಲೈ 21ರಂದು ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಕಂಡದ್ದಕ್ಕೂ ಬೆಲೆಯಿದೆ, ಆದರೆ ಕಂಡದ್ದಷ್ಟೇ ಸಾಲದು.

ಚರ್ಚೆಯ ಗೆಲುವು ಎಷ್ಟು ದೂರ?

ಅದೇ ವರ್ಷ ಸೆಪ್ಟೆಂಬರ್ 10ರಂದು ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರಾದರು. ಸಿ.ಎನ್.ಎನ್. ವಾಹಿನಿ ಕೂಡಲೇ ನಡೆಸಿದ ಸಮೀಕ್ಷೆಯಲ್ಲಿ, ಚರ್ಚೆ ನೋಡಿದವರ ಪೈಕಿ ಶೇಕಡಾ 63 ಮಂದಿ ಹ್ಯಾರಿಸ್ ಚೆನ್ನಾಗಿ ಮಾಡಿದರೆಂದರು. ಆದರೂ ನವೆಂಬರ್ 5ರ ಚುನಾವಣೆಯಲ್ಲಿ ಗೆದ್ದವರು ಟ್ರಂಪ್. ಚರ್ಚೆಯಲ್ಲಿ ಚೆನ್ನಾಗಿ ಮಾತಾಡಿದರು ಎನ್ನುವುದು ಒಂದು ಮಾತು. ಇವರಿಗೇ ನನ್ನ ಮತ ಎನ್ನುವುದು ಇನ್ನೊಂದು ಮಾತು. ಅಲ್ಲಿನ ಮತದಾರರು ಇವೆರಡನ್ನು ಬೇರೆ ಬೇರೆಯಾಗಿಯೇ ಕಂಡರು.

ನಮ್ಮ ದೇಶದಲ್ಲಿ ಪ್ರಧಾನಿ ಪದವಿಯ ಸ್ಪರ್ಧಿಗಳು ಹೀಗೆ ಎದುರುಬದುರು ನಿಂತು ಚರ್ಚಿಸುವ ವಾಡಿಕೆ ಬೆಳೆದಿಲ್ಲ. 2024ರ ಮೇ ತಿಂಗಳಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳೂ ಒಬ್ಬ ಹಿರಿಯ ಪತ್ರಕರ್ತರೂ ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿಯವರನ್ನು ಬಹಿರಂಗ ಚರ್ಚೆಗೆ ಕರೆದಿದ್ದರು; ಚರ್ಚೆ ನಡೆಯಲಿಲ್ಲ. ನಮಗೆ ಹೆಚ್ಚಾಗಿ ಸಿಗುವುದು ಕನ್ನಡ ವಾಹಿನಿಗಳ ಚುನಾವಣಾ ಚರ್ಚೆಗಳು ಹಾಗೂ ಸದನದ ಕಲಾಪಗಳ ನೇರ ಪ್ರಸಾರ. 1996ರ ಮೇ 27 ಮತ್ತು 28ರಂದು ಲೋಕಸಭೆಯ ವಿಶ್ವಾಸಮತದ ಚರ್ಚೆಯನ್ನು ದೂರದರ್ಶನ ನೇರವಾಗಿ ತೋರಿಸಿದ್ದು ಹಿರಿಯರಿಗೆ ನೆನಪಿರಬಹುದು. ವಾಜಪೇಯಿಯವರ ಭಾಷಣ ಜನಮನ ಸೆಳೆಯಿತು. ಆದರೆ ಸದನದಲ್ಲಿ ಬಹುಮತವಿರಲಿಲ್ಲ. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆಗೆ ಹೊರಟರು. ಜೂನ್ 1ರಂದು ನಮ್ಮ ರಾಜ್ಯದ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು.

ಕಾಗೋಡಿನ ಪಾಠ

ಹಾಗಾದರೆ ಅಳೆಯುವುದು ಹೇಗೆ? ನಮ್ಮ ಮಲೆನಾಡೇ ಇದಕ್ಕೊಂದು ಪಾಠ ಕೊಟ್ಟಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರಷ್ಟೆ. ಆ ಜಗಳದ ಒಂದು ಮೂಲ ಗೇಣಿಯ ಭತ್ತ ಅಳೆಯುವ ಕೊಳಗ. ಅಳತೆಯ ಪಾತ್ರೆಯೇ ದೊಡ್ಡದಾದರೆ, ಎಷ್ಟು ದುಡಿದರೂ ಗೇಣಿದಾರನ ಪಾಲು ಸೊರಗುತ್ತದೆ.

ಆ ಹೋರಾಟದಲ್ಲಿ ನಿಂತವರು ಆರಗದ ಶಾಂತವೇರಿ ಗೋಪಾಲಗೌಡರು. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದ ಜನ ಅವರನ್ನು ವಿಧಾನಸಭೆಗೆ ಕಳಿಸಿದರು. ಆಗ ಇಲ್ಲಿ ಟಿ.ವಿ. ಇರಲಿಲ್ಲ. ಅವರು ಒಳ್ಳೆಯ ಮಾತುಗಾರರು, ನಿಜ. ಆದರೆ ಆ ಮಾತಿನ ಹಿಂದೆ ಯಾರ ಗದ್ದೆಯ ಬದಿಯಲ್ಲಿ ನಿಂತಿದ್ದರು ಎಂಬುದು ಜನರಿಗೆ ಗೊತ್ತಿತ್ತು. ಅವರು 1972ರಲ್ಲಿ ತೀರಿಕೊಂಡರು. ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿದ ಕಾಯಿದೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಆಡಿದ ಮಾತು ಫಲ ಕೊಡಲು ಕೆಲವೊಮ್ಮೆ ಇಪ್ಪತ್ತು ವರ್ಷ ಬೇಕಾಗುತ್ತದೆ!

ಟಿ.ವಿ. ಮುಂದೆ ಕುಳಿತ ನಮ್ಮ ಕೈಯಲ್ಲೂ ಒಂದು ಕೊಳಗವಿದೆ. ನಮಗೆ ಬೇಕಾದ ಅಭ್ಯರ್ಥಿಗೆ ಒಂದು ಅಳತೆ, ಬೇಡವಾದವರಿಗೆ ಇನ್ನೊಂದು ಅಳತೆ ಮಾಡುತ್ತಿಲ್ಲವೇ? ನಮ್ಮವರು ಗದರಿದರೆ ‘ಧೈರ್ಯ’, ಎದುರಿನವರು ಗದರಿದರೆ ‘ಅಹಂಕಾರ’. ನಮ್ಮವರು ನಿಧಾನಿಸಿದರೆ ‘ತೂಕದ ಮಾತು’, ಎದುರಿನವರು ನಿಧಾನಿಸಿದರೆ ‘ಉತ್ತರ ಗೊತ್ತಿಲ್ಲ’. ಕಥೋಲಿಕರು ಎಂಬ ಕಾರಣಕ್ಕೇ ಕೆನಡಿಯವರನ್ನು ಅನುಮಾನಿಸಿದವರನ್ನು ನಾವು ಒಪ್ಪುವುದಿಲ್ಲ. ಹಾಗಿರುವಾಗ ಜಾತಿಯನ್ನೋ ಧರ್ಮವನ್ನೋ ನೋಡಿ ನಾವೇ ಚರ್ಚೆಗೆ ಮೊದಲು ತೀರ್ಪು ಬರೆದಿಟ್ಟರೆ ಅದು ನ್ಯಾಯವೇ?

ಮನೆಯಲ್ಲಿ ಹೀಗೆ ಮಾಡಿ

ಮುಂದಿನ ಸಲ ಚರ್ಚೆ ನೋಡುವಾಗ ಮಕ್ಕಳ ಹಳೆಯ ನೋಟುಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ.

1. ಪ್ರಶ್ನೆಯನ್ನು ಬರೆದುಕೊಳ್ಳಿ. ಅದರ ಮುಂದೆ ಇಬ್ಬರಿಗೂ ಒಂದೊಂದು ಕಲಂ ಹಾಕಿ. ಉತ್ತರ ಬಂದರೆ ‘ಬಂತು’, ಬೇರೆಲ್ಲೋ ಹೋದರೆ ‘ಜಾರಿದರು’ ಎಂದು ಬರೆಯಿರಿ. ಎದುರಾಳಿಯ ಹಳೆಯ ತಪ್ಪು ಎತ್ತಿಹಿಡಿಯುವುದು ಉತ್ತರವಲ್ಲ.

2. ಕೆಲವು ನಿಮಿಷ ಅಜ್ಜಿಯಂತೆ ಕೇಳಿ. ಪರದೆಗೆ ಬೆನ್ನು ಹಾಕಿ. ನಗು, ಉಡುಪು, ಕೈಬೀಸಾಟಗಳನ್ನು ತೆಗೆದರೆ ಉಳಿಯುವುದೇನು ಎಂದು ನೋಡಿ.

3. ‘ಹೇಗೆ’ ಎಂದು ಕೇಳಿ. “ಗೆದ್ದರೆ ನೂರು ದಿನದಲ್ಲಿ ಎಲ್ಲರಿಗೂ ಹಕ್ಕುಪತ್ರ” ಎಂದು ಒಬ್ಬರು ಮೇಜು ಕುಟ್ಟಿ ಹೇಳುತ್ತಾರೆ. “ಇದು ಅಷ್ಟು ಸುಲಭವಲ್ಲ, ಮೊದಲು ಜಾಗ ಯಾವುದೆಂದು ನೋಡಬೇಕು” ಎಂದು ಇನ್ನೊಬ್ಬರು ಮೆಲ್ಲಗೆ ಹೇಳುತ್ತಾರೆ. ಮೊದಲನೆಯವರೇ ಗೆದ್ದಂತೆ ಕಾಣುತ್ತದೆ, ಅಲ್ಲವೇ? ಆದರೆ ನಿಜ ಸ್ಥಿತಿ ನೋಡಿ. ಜಾಗ ಕಂದಾಯ ಭೂಮಿಯಾದರೆ ಅರ್ಜಿ ಬಗರ್‌ಹುಕುಂ ಸಮಿತಿಯ ಮುಂದೆ ಬರುತ್ತದೆ. ಅದರಲ್ಲಿ ಶಾಸಕರ ಪಾತ್ರ ದೊಡ್ಡದು. ಅದೇ ಜಾಗ ಅರಣ್ಯವಾದರೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಿಡುಗಡೆ ಮಾಡುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಕೇಳುವವರು ಪರಿಶಿಷ್ಟ ಪಂಗಡದವರಲ್ಲದಿದ್ದರೆ, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆಮಠ ಕಳೆದುಕೊಂಡು ಕಾಡಿಗೆ ಬಂದ ಶರಾವತಿ ಸಂತ್ರಸ್ತರು ಈ ಲೆಕ್ಕಕ್ಕೆ ಸಿಗುವುದು ಹೇಗೆ? ಕೇಂದ್ರದ ಅನುಮತಿಯಿಲ್ಲದೆ ರಾಜ್ಯ ಸರ್ಕಾರ ಅವರಿಗಾಗಿ ಹೊರಡಿಸಿದ್ದ ಆದೇಶಗಳು 2021ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಬಿದ್ದುಹೋದವು. ಇದನ್ನೆಲ್ಲ ತಿಳಿದ ಮೇಲೆ ಆ ಎರಡು ಉತ್ತರಗಳನ್ನು ಮತ್ತೆ ತೂಗಿ. ಹಾಗೆಂದು ಮೆಲ್ಲಗೆ ಮಾತಾಡಿದವರನ್ನೂ ಸುಮ್ಮನೆ ಬಿಡಬೇಡಿ. ‘ಕಷ್ಟ’ ಎಂದಮೇಲೆ ಮಾಡಬಹುದಾದ್ದು ಏನೆಂದು ಅವರೂ ಹೇಳಬೇಕು.

4. ಉತ್ತರವನ್ನು ಅದಲುಬದಲು ಮಾಡಿ. ಇದೇ ಮಾತು ಎದುರಿನವರ ಬಾಯಿಂದ ಬಂದಿದ್ದರೆ ನಾನು ಒಪ್ಪುತ್ತಿದ್ದೆನೇ? ಇಲ್ಲ ಎನಿಸಿದರೆ, ನಮ್ಮ ಕೊಳಗವೇ ಸರಿಯಿಲ್ಲ.

5. ತೀರ್ಪನ್ನು ಬೆಳಗಿನವರೆಗೆ ತಡೆಹಿಡಿಯಿರಿ. ವಾಹಿನಿಯವರು ಕೂಡಲೇ ‘ಗೆದ್ದವರು ಇವರೇ’ ಎಂದು ಸಾರಬಹುದು. ಮೊಬೈಲಿನಲ್ಲಿ ಕತ್ತರಿಸಿದ ತುಣುಕುಗಳು ಓಡಾಡಬಹುದು. ಮರುದಿನ ಪತ್ರಿಕೆ ಓದಿ, ಹೇಳಿದ ಅಂಕಿಸಂಖ್ಯೆ ಸರಿಯೇ ನೋಡಿ. ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರದ ಜೊತೆ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಮೊಕದ್ದಮೆಗಳ ಪ್ರಮಾಣಪತ್ರ ಸಲ್ಲಿಸಬೇಕು. ಅದನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಈ ಕೆಲಸವನ್ನು ಮನೆಯ ಮಗಳಿಗೇ ವಹಿಸಿ.

ಹೀಗೆ ಮಾಡಿದಾಗ ಹಾಳೆಯಲ್ಲಿ ಎರಡು ತೀರ್ಪು ಉಳಿಯುತ್ತವೆ. ‘ಚೆನ್ನಾಗಿ ಮಾತಾಡಿದವರು ಇವರು’ ಎಂಬುದು ಒಂದು, ‘ನಮ್ಮ ಪ್ರಶ್ನೆಗೆ ಉತ್ತರ ಕೊಟ್ಟವರು ಇವರು’ ಎಂಬುದು ಇನ್ನೊಂದು. ಎರಡೂ ಒಬ್ಬರಿಗೇ ಸಲ್ಲಬಹುದು, ಸಲ್ಲದಿರಲೂಬಹುದು. ಮೊದಲನೆಯದನ್ನು ಮೆಚ್ಚಿಕೊಳ್ಳಿ. ಮತಗಟ್ಟೆಗೆ ಎರಡನೆಯದನ್ನು ಒಯ್ಯಿರಿ.

ಮನೆಯೊಳಗಿನ ಮಾತು

ಕೊನೆಯದಾಗಿ ಒಂದು ಮಾತು. ಚರ್ಚೆ ನಡೆಸಿದ ಇಬ್ಬರು ಅಭ್ಯರ್ಥಿಗಳು ಮರುದಿನ ಯಾವುದೋ ಮದುವೆಮನೆಯಲ್ಲಿ ಕೈಕುಲುಕಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಅವರಿಗಾಗಿ ಜಗಳವಾಡಿದ ಅಣ್ಣತಮ್ಮಂದಿರು ಮಾತ್ರ ವರ್ಷಗಟ್ಟಲೆ ಮಾತು ಬಿಡುತ್ತಾರೆ! ಇದು ಬೇಡ. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಪ್ಪನ ಮತವನ್ನೇ ಮಗಳು ಇನ್ನೊಮ್ಮೆ ಹಾಕಲಿ ಎಂದು ಅದನ್ನು ಇಳಿಸಲಿಲ್ಲ. ಮಕ್ಕಳಿಗೆ ಅಳೆಯುವುದನ್ನು ಕಲಿಸಿ. ಅಳತೆಯ ಫಲವನ್ನು ಅವರಿಗೇ ಬಿಡಿ. ಸೊಸೆ, ಅತ್ತೆ, ಅಜ್ಜಿ ಯಾರಿಗೆ ಮತ ಹಾಕಿದರೆಂದು ಕೇಳಲೂ ಹೋಗಬೇಡಿ. ಮತ ಗುಪ್ತವಾಗಿರಬೇಕೆಂಬ ನಿಯಮ ಮನೆಯೊಳಗೂ ಸಲ್ಲುತ್ತದೆ.

ಮನೆಯಲ್ಲಿ ಮಾತಾಡಿಕೊಳ್ಳಲು:

1. ನಾವು ಇತ್ತೀಚೆಗೆ ನೋಡಿದ ಒಂದು ಚರ್ಚೆಯಲ್ಲಿ ನಮಗೆ ನೆನಪಿರುವುದು ಉತ್ತರವೇ, ಜಗಳವೇ?

2. ನಮ್ಮ ಊರಿಗೆ ಸಂಬಂಧಿಸಿದ ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶ ಸಿಕ್ಕಿದರೆ ಏನು ಕೇಳುತ್ತೇವೆ? ಅದು ಶಾಸಕರ ಕೈಯಲ್ಲಿರುವ ಕೆಲಸವೇ, ಸಂಸದರ ಕೆಲಸವೇ, ಪಂಚಾಯಿತಿಯದೇ?

3. ನಮಗೆ ಇಷ್ಟವಿಲ್ಲದ ಅಭ್ಯರ್ಥಿ ಹೇಳಿದ ಒಂದು ಸರಿಯಾದ ಮಾತನ್ನು ಮನೆಯ ಪ್ರತಿಯೊಬ್ಬರೂ ಹೇಳಬಲ್ಲೆವೇ?