ಆಣೆಯಿಂದ ಪೈಸೆಗೆ: ಒಂದು ಯೋಜಿತ ಬದಲಾವಣೆ ಮತ್ತು ನುಡಿ

ಸ್ವಾತಂತ್ರ್ಯಪೂರ್ವದ ಕಥೆ, ಕಾದಂಬರಿಗಳಲ್ಲಿ ಆಣೆ, ದುಡ್ಡು, ಪೈ ಎಂಬ ಮಾತುಗಳು ಅಡಿಗಡಿಗೆ ಬರುತ್ತವೆ. ಅವುಗಳ ಬೆಲೆಯನ್ನರಿಯದ ಓದುಗನಿಗೆ ಪಾತ್ರದ ಬಡತನವೂ ತಿಳಿಯದು, ಜಿಪುಣತನವೂ ತಿಳಿಯದು. ಹಳೆಯ ಲೆಕ್ಕದಂತೆ ರೂಪಾಯಿಗೆ 16 ಆಣೆ. ಆಣೆಗೆ 4 ಪೈಸೆ ಅಥವಾ 12 ಪೈ. ಅಂದರೆ ಒಂದು ರೂಪಾಯಿಗೆ 64 ಪೈಸೆ, 192 ಪೈ.

1955ರಲ್ಲಿ ನಾಣ್ಯ ಕಾಯಿದೆಗೆ ತಿದ್ದುಪಡಿಯಾಗಿ, 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಿತು. ರೂಪಾಯಿ ಹಾಗೆಯೇ ಉಳಿಯಿತು. ಅದರ ಭಾಗಗಳು ಮಾತ್ರ ನೂರಾದವು. ಹಳೆಯ ನಾಣ್ಯಗಳನ್ನು ಒಮ್ಮೆಲೇ ರದ್ದುಗೊಳಿಸದೆ ಕೆಲಕಾಲ ಹೊಸವುಗಳೊಡನೆ ಚಲಾವಣೆಯಲ್ಲಿರಿಸಲಾಯಿತು. ಎರಡು ಬಗೆಯ ಪೈಸೆಗಳಲ್ಲಿ ಗೊಂದಲವಾಗದಿರಲೆಂದು ಹೊಸದನ್ನು ‘ನಯಾ ಪೈಸೆ’ ಎಂದು ಕರೆದರು. ಬಳಕೆ ನೆಲೆಗೊಂಡ ಮೇಲೆ, 1964ರ ಜೂನ್ 1ರಿಂದ, ‘ನಯಾ’ ಎಂಬ ವಿಶೇಷಣವನ್ನು ಕೈಬಿಡಲಾಯಿತು.

ತೊಡಕು ಇದ್ದುದು ಚಿಲ್ಲರೆಯಲ್ಲಿ. ನಾಲ್ಕಾಣೆಗೆ 25, ಎಂಟಾಣೆಗೆ 50 ಪೈಸೆ ಸರಿಹೊಂದುತ್ತಿದ್ದವು. ಆದರೆ ಒಂದಾಣೆಯ ನಿಜವಾದ ಬೆಲೆ ಆರೂಕಾಲು ಪೈಸೆ. ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಪೂರ್ಣಾಂಕ ಮಾಡಲಾಯಿತು. ದಿನದ ಉಪ್ಪು, ಎಣ್ಣೆಗಳನ್ನು ಆಣೆಲೆಕ್ಕದಲ್ಲಿ ಕೊಳ್ಳುವವರಿಗೆ ಈ ಕಾಲು ಪೈಸೆಯ ಏರುಪೇರು ಸಣ್ಣ ಮಾತಾಗಿರಲಿಲ್ಲ.

ನಾಣ್ಯ ಬದಲಾದ ವೇಗದಲ್ಲಿ ನುಡಿ ಬದಲಾಗಲಿಲ್ಲ. ಇಂದಿಗೂ ಪೂರ್ಣ ಸತ್ಯವು ‘ಹದಿನಾರಾಣೆ ನಿಜ’ವೇ ಆಗಿದೆ. ಒಮ್ಮೆ ಚಿಕ್ಕ ತಾಮ್ರದ ನಾಣ್ಯವಾಗಿದ್ದ ‘ದುಡ್ಡು’ ಈಗ ಹಣಕ್ಕೆಲ್ಲ ಹೆಸರಾಗಿದೆ. ಅಸಲಿಗಿಂತ ಮೇಲುಖರ್ಚು ಹೆಚ್ಚಾದಾಗ, ನಾಲ್ಕಾಣೆಯ ಕೋಳಿಗೆ ಹನ್ನೆರಡಾಣೆಯ ಮಸಾಲೆ ಎಂದು ಮರಾಠಿ ಗಾದೆ ಹೇಳುತ್ತದೆ. ಮಹಾರಾಷ್ಟ್ರದ ಕಂದಾಯ ದಾಖಲೆಯಲ್ಲಿ ಬೆಳೆಯ ಅಂದಾಜು ‘ಪೈಸೆವಾರಿ’ ಎನಿಸಿಕೊಂಡರೂ ರೈತರ ಬಾಯಲ್ಲಿ ಅದು ‘ಆಣೆವಾರಿ’ಯಾಗಿಯೇ ಉಳಿದಿದೆ. ಅದು 50 ಪೈಸೆಗಿಂತ ಕೆಳಗಿಳಿದ ಊರನ್ನು ಬರಪೀಡಿತವೆಂದು ಎಣಿಸುವ ಕ್ರಮ ದೀರ್ಘಕಾಲ ನಡೆದುಬಂದಿತು. ಸೊಲ್ಲಾಪುರ, ಜತ್ತ ಸೀಮೆಯ ಒಕ್ಕಲಿಗರಿಗೆ ಆ ಐವತ್ತು ಪೈಸೆ ಎಂದರೆ ಹಳೆಯ ಎಂಟಾಣೆ, ಅಂದರೆ ಅರ್ಧ ಬೆಳೆ.

ವ್ಯವಸ್ಥೆಯನ್ನು ಬದಲಿಸುವವರು ದಿನಾಂಕವನ್ನು ಗೊತ್ತುಪಡಿಸಬಲ್ಲರು. ಮಾತಿಗೆ ಗಡುವು ಹಾಕಲಾರರು. ಆದುದರಿಂದ ಹಳೆಯ ಪಠ್ಯದಲ್ಲಿ ‘ಪೈಸೆ’ ಎಂದು ಕಂಡಾಗ ಕೃತಿಯ ಕಾಲವನ್ನು ಮೊದಲು ನೋಡಬೇಕು: ಅದು ರೂಪಾಯಿಯ 64ನೆಯ ಭಾಗವೋ, 100ನೆಯ ಭಾಗವೋ?

ಅಭ್ಯಾಸ: ‘ಮೂರಾಣೆ ಆರು ಪೈ’ ಎಂದರೆ ಮೂರೂವರೆ ಆಣೆ, ಹೊಸ ಲೆಕ್ಕದಲ್ಲಿ ಸುಮಾರು 22 ಪೈಸೆ. ಇದೇ ರೀತಿಯಲ್ಲಿ ‘ಏಳಾಣೆ ಮೂರು ಪೈ’ಯನ್ನು ಲೆಕ್ಕಹಾಕಿರಿ. ನಿಮ್ಮ ಮನೆಯ ಹಿರಿಯರ ಮಾತಿನಲ್ಲಿ ಉಳಿದಿರುವ ಆಣೆ, ಸೇರು, ತೊಲಗಳ ನುಡಿಗಟ್ಟುಗಳನ್ನು ಸಂಗ್ರಹಿಸಿರಿ.